ಪಡೆದದ್ದನ್ನು ಒಪ್ಪಿಸಿಕೊಟ್ಟವರು



ಸಂತ ಪೌಲರು ಕೊರಿಂಥದ ವಿಶ್ವಾಸಿಗಳಿಗೆ ಬರೆದ ಮೊದಲನೆಯ ಪತ್ರದಲ್ಲಿ ಎರಡು ಬಾರಿ ಒಂದೇ ಮಾತನ್ನು ಹೇಳುತ್ತಾರೆ: ತಾವು ಏನನ್ನು ಪಡೆದರೋ ಅದನ್ನೇ ಅವರಿಗೆ ಒಪ್ಪಿಸಿದ್ದೇವೆ ಎಂದು. ಪ್ರಭು ಭೋಜನವನ್ನು ಕುರಿತು ಒಮ್ಮೆ, ಪುನರುತ್ಥಾನವನ್ನು ಕುರಿತು ಮತ್ತೊಮ್ಮೆ. ಪಡೆಯುವುದು ಮತ್ತು ಒಪ್ಪಿಸುವುದು, ಇವೆರಡೂ ಸೇರಿದಾಗಲೇ ಧರ್ಮಸಭೆಯ ಬಾಳು. ಆದರೆ ಒಪ್ಪಿಸಬೇಕಾದ ಗುರುಗಳೇ ಇಲ್ಲವಾದರೆ? ಜಪಾನಿನ ಚರಿತ್ರೆ ಈ ಪ್ರಶ್ನೆಯನ್ನು ಎದುರಿಸಿತು.

ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರ ಆಗಸ್ಟ್ 15ರಂದು ಕಾಗೋಶಿಮಾ ತಲುಪಿ ಅಲ್ಲಿ ಶುಭಸಂದೇಶ ಸಾರಿದರು. ಅರ್ಧ ಶತಮಾನ ಕಳೆಯುವುದರೊಳಗೆ ಹಿಂಸೆ ಆರಂಭವಾಯಿತು. 1597ರಲ್ಲಿ ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಸಹ ಒಬ್ಬರು. 1614ರಲ್ಲಿ ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಲಾಯಿತು. 1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರು ಕೊನಿಶಿ ಮಾನ್ಶೊ ರಕ್ತಸಾಕ್ಷಿಯಾದರು.

ಅಲ್ಲಿಂದ ಮುಂದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ದೇವಾಲಯವಿಲ್ಲ. ನಾಗಸಾಕಿಯ ಜನರು ಕ್ರಿಸ್ತರ ಇಲ್ಲವೇ ಮಾತೆ ಮರಿಯಳ ಚಿತ್ರವನ್ನು ಪ್ರತಿವರ್ಷ ಅಧಿಕಾರಿಗಳ ಮುಂದೆ ತುಳಿಯಬೇಕಿತ್ತು. ತುಳಿದವರು ಮನೆಗೆ ಮರಳಿ ಗುಟ್ಟಾಗಿ ಪಶ್ಚಾತ್ತಾಪದ ಜಪ ಹೇಳುತ್ತಿದ್ದರು. ಹಳ್ಳಿಯ ರೈತರು, ಮೀನುಗಾರರು ತಮ್ಮತಮ್ಮಲ್ಲೇ ಹೊಣೆ ಹಂಚಿಕೊಂಡರು. ಒಬ್ಬ ಹಬ್ಬ, ಉಪವಾಸಗಳ ಪಂಚಾಂಗವನ್ನು ಕಾಪಾಡುವವ. ಮತ್ತೊಬ್ಬ ದೀಕ್ಷಾಸ್ನಾನ ಕೊಡುವವ. ಇನ್ನೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುವವ. ಜಪಗಳು ತಂದೆತಾಯಿಯರ ಬಾಯಿಂದ ಮಕ್ಕಳ ಕಿವಿಗೆ ಇಳಿದವು. ಏಳು ತಲೆಮಾರುಗಳ ನಂತರ ಗುರುಗಳು ಮರಳಿ ಬರುತ್ತಾರೆಂಬ ಮಾತೂ ಹಾಗೆಯೇ ಇಳಿದು ಬಂತು.

1865ರ ಮಾರ್ಚ್ 17. ವಿದೇಶಿಯರಿಗಾಗಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಔರಾ ದೇವಾಲಯಕ್ಕೆ ಉರಾಕಾಮಿ ಗ್ರಾಮದ ಕೆಲವರು ಬಂದರು. ಫ್ರೆಂಚ್ ಗುರು ಬರ್ನಾರ್ಡ್ ಪೆಟಿಜೀನ್ ಪ್ರಾರ್ಥಿಸುತ್ತಿದ್ದಾಗ ಒಬ್ಬ ಮಹಿಳೆ ಬಳಿಗೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಇದೆ ಎಂದು ಪಿಸುಗುಟ್ಟಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಅದು ತಪಸ್ಸುಕಾಲದ 17ನೆಯ ದಿನವೆಂಬುದೂ ಆ ಜನರಿಗೆ ತಿಳಿದಿತ್ತು! ಗುರುವಿಲ್ಲದ 221 ವರ್ಷಗಳ ನಂತರವೂ ಅವರ ಎಣಿಕೆ ತಪ್ಪಿರಲಿಲ್ಲ.

ಬೆಳಕಿಗೆ ಬಂದ ಆ ವಿಶ್ವಾಸಕ್ಕೆ ಮತ್ತೆ ಬೆಲೆ ತೆರಬೇಕಾಯಿತು. ಉರಾಕಾಮಿಯ 3,300ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಅಸುನೀಗಿದರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದುಹಾಕಿದ ಮೇಲೆ ಉಳಿದವರು ಊರಿಗೆ ಮರಳಿದರು.

ಈ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮರೆಮಾಚುವುದು ಸಲ್ಲದು. ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಗೆ ಹಿಂದಿರುಗಲಿಲ್ಲ. ಇಕಿತ್ಸುಕಿ ದ್ವೀಪದಂತಹ ಕಡೆಗಳಲ್ಲಿ ಹಲವರು ಪೂರ್ವಜರ ಪದ್ಧತಿಯಲ್ಲೇ ಉಳಿದರು. ಅವರ ಜಪಗಳಲ್ಲಿ ಲ್ಯಾಟಿನ್, ಪೋರ್ಚುಗೀಸ್ ಪದಗಳು ಉಳಿದಿದ್ದವು. ಅನೇಕ ಪದಗಳ ಅರ್ಥ ಮಾತ್ರ ಮಾಸಿಹೋಗಿತ್ತು. ಅವರನ್ನು ದೂಷಿಸುವ ಹಕ್ಕು ನಮಗಿಲ್ಲ. ಅಷ್ಟು ಕಷ್ಟದಲ್ಲೂ ಅವರು ಪದಗಳನ್ನು ಕೈಬಿಡಲಿಲ್ಲ. ಆದರೆ ಪದವನ್ನು ಒಪ್ಪಿಸಿದಂತೆ ಅರ್ಥವನ್ನೂ ಒಪ್ಪಿಸಬೇಕು ಎಂಬುದನ್ನು ಅವರ ಬಾಳು ನಮಗೆ ಕಲಿಸುತ್ತದೆ.

ಇಂದು ನಮಗೆ ದೇವಾಲಯವಿದೆ, ಗುರುಗಳಿದ್ದಾರೆ, ಧರ್ಮೋಪದೇಶದ ತರಗತಿಗಳಿವೆ. ಇವೆಲ್ಲ ಇರುವುದರಿಂದಲೇ ಒಪ್ಪಿಸುವ ಹೊಣೆ ಬೇರೆ ಯಾರದೋ ಎಂದು ನಾವು ಭಾವಿಸುವ ಅಪಾಯವಿದೆ. ಉರಾಕಾಮಿಯ ತಾಯಂದಿರಿಗೆ ಆ ಅನುಕೂಲವಿರಲಿಲ್ಲ. ತಾವು ಹೇಳದಿದ್ದರೆ ಮಗುವಿಗೆ ಹೇಳುವವರು ಮತ್ತಾರೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಈ ಸಂಜೆ ಜಪಮಾಲೆ ಮುಗಿದ ಮೇಲೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು, ಅದು ಈಗ ತಾನೇ ಹೇಳಿದ ಜಪದ ಒಂದು ಮಾತಿನ ಅರ್ಥವನ್ನು ಬಿಡಿಸಿ ಹೇಳಿರಿ. ನಾವು ಪಡೆದ ನಿಧಿ ಮುಂದಿನ ತಲೆಮಾರಿಗೆ ಸಾಗುವುದು ಇಂತಹ ಸಂಜೆಗಳಲ್ಲಿಯೇ.