ಹಳೆಯ ಲಾರಿಗಳ ಎಂಜಿನ್ ಮಿಸ್ಸಿಂಗ್ ಹಾಗೂ ಗೇರ್ ಬಾಕ್ಸ್ ದೋಷಗಳು: ಅರ್ಹತಾ ಪತ್ರದ ನವೀಕರಣಕ್ಕೆ ಮುನ್ನ ಮಾಲೀಕರು ಗಮನಿಸಬೇಕಾದ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರ ಮೇರೆಗೆ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಎಂಟು ವರ್ಷ ಮೀರಿದ ಲಾರಿಗಳಿಗೆ ಈ ಪತ್ರವನ್ನು, ಆಡುಮಾತಿನಲ್ಲಿ ಎಫ್.ಸಿ.ಯನ್ನು, ಪ್ರತಿ ವರ್ಷವೂ ನವೀಕರಿಸಿಕೊಳ್ಳತಕ್ಕದ್ದು. ತಪಾಸಣೆಯ ದಿನ ದೋಷ ಕಂಡುಬಂದು ಲಾರಿ ಹಿಂದಿರುಗಿದಲ್ಲಿ ಅಷ್ಟು ದಿನದ ಬಾಡಿಗೆ ನಷ್ಟವಾಗುವುದಲ್ಲದೆ, ಅವಸರದಲ್ಲಿ ಬೇಡದ ಭಾಗಗಳನ್ನೂ ಬದಲಾಯಿಸಿ ಹಣ ಕಳೆದುಕೊಳ್ಳುವ ಸಂಭವವಿರುತ್ತದೆ. ದೋಷವಿರುವುದು ಎಂಜಿನ್ನಿನಲ್ಲೋ ಗೇರ್ ಬಾಕ್ಸಿನಲ್ಲೋ ಎಂಬುದನ್ನು ಮುಂಚಿತವಾಗಿ ಗುರುತಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಇದು ಯಾಂತ್ರಿಕ ಡೀಸೆಲ್ ಪಂಪ್ ಇರುವ ಹಳೆಯ ಲಾರಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಎಂಜಿನ್ ಮಿಸ್ಸಿಂಗ್

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಒತ್ತಲ್ಪಟ್ಟು ಕಾದ ಗಾಳಿಗೆ ನಾಜಲ್ ಮೂಲಕ ಡೀಸೆಲ್ ಸಿಂಪಡಣೆಯಾಗಿ ಉರಿಯುತ್ತದೆ. ಆದ್ದರಿಂದ ಒಂದು ಸಿಲಿಂಡರು ಉರಿಯದೆ ಬಿಟ್ಟಿದೆಯೆಂದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ ಅಥವಾ ಒತ್ತಡ ಸಾಲುತ್ತಿಲ್ಲ ಎಂದೇ ಅರ್ಥ. ಮೊದಲು ಅಲ್ಪ ಖರ್ಚಿನ ಕಾರಣಗಳನ್ನು ಪರಿಶೀಲಿಸುವುದು ಸೂಕ್ತ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ವಾಷರ್ ಸವೆದು ಗಾಳಿ ಎಳೆಯುತ್ತಿರಬಹುದು. ಗಾಳಿ ಸೇರಿದ್ದರೆ ಎಂಜಿನ್ ಒಮ್ಮೆ ಸರಿಯಾಗಿ, ಒಮ್ಮೆ ತಡವರಿಸಿ ಓಡುತ್ತದೆ. ಕೈಪಂಪಿನಿಂದ ಗಾಳಿ ತೆಗೆದ ಬಳಿಕವೂ ಮರುದಿನ ಅದೇ ತೊಂದರೆ ಕಂಡುಬಂದಲ್ಲಿ ಸೋರಿಕೆಯ ಜಾಗವನ್ನು ಹುಡುಕಬೇಕೇ ಹೊರತು ದಿನವೂ ಗಾಳಿ ತೆಗೆಯುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ.

ಒಂದೇ ಲಯದಲ್ಲಿ ಸತತವಾಗಿ ಮಿಸ್ಸಿಂಗ್ ಇದ್ದಲ್ಲಿ ಅದು ಯಾವ ಸಿಲಿಂಡರಿನದೆಂದು ಕಂಡುಹಿಡಿಯಲು ಮೆಕ್ಯಾನಿಕರು ಅನುಸರಿಸುವ ಹಳೆಯ ವಿಧಾನವೇ ಇಂದಿಗೂ ನಂಬಲರ್ಹವಾಗಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿ, ಮತ್ತೆ ಬಿಗಿಯಲಾಗುತ್ತದೆ. ಸಡಿಲಿಸಿದೊಡನೆ ಎಂಜಿನ್ನಿನ ಸದ್ದು ಬದಲಾಗಿ ವೇಗ ಕುಗ್ಗಿದರೆ ಆ ಸಿಲಿಂಡರು ಕೆಲಸ ಮಾಡುತ್ತಿದೆ ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ದೋಷ ಅಲ್ಲಿಯೇ ಇದೆ. ಅನಂತರ ಆ ನಾಜಲನ್ನು ಬೇರೊಂದು ಸಿಲಿಂಡರಿನ ನಾಜಲಿನೊಡನೆ ಅದಲು ಬದಲು ಮಾಡಿ ನೋಡಬೇಕು. ದೋಷವೂ ಜೊತೆಗೇ ಸ್ಥಳಾಂತರವಾದರೆ ನಾಜಲನ್ನು ಪರೀಕ್ಷೆಗೆ ಕಳುಹಿಸಿದರೆ ಸಾಕು. ದೋಷ ಹಿಂದಿನ ಸಿಲಿಂಡರಿನಲ್ಲೇ ಉಳಿದರೆ ಟ್ಯಾಪೆಟ್ ಅಂತರ, ವಾಲ್ವು, ಹೆಡ್ ಗ್ಯಾಸ್ಕೆಟ್, ರಿಂಗು ಅಥವಾ ಪಂಪಿನ ಎಲಿಮೆಂಟ್ ಕಡೆಗೆ ಗಮನ ಹರಿಸಬೇಕಾಗುತ್ತದೆ.

ಈ ಪರೀಕ್ಷೆಯನ್ನು ಅನುಭವವಿರುವ ಮೆಕ್ಯಾನಿಕರಿಂದಲೇ ಮಾಡಿಸತಕ್ಕದ್ದು. ಹೆಚ್ಚಿನ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿರುವುದರಿಂದ ನೋವಿಲ್ಲವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ತೆರಳಬೇಕು. ಕಾಮನ್ ರೈಲ್ ವ್ಯವಸ್ಥೆಯ ನಂತರದ ಲಾರಿಗಳಲ್ಲಿ ಒತ್ತಡ ಹಲವು ಪಟ್ಟು ಹೆಚ್ಚಿರುವುದರಿಂದ ಅವುಗಳಲ್ಲಿ ಈ ವಿಧಾನವನ್ನು ಎಂದಿಗೂ ಅನುಸರಿಸಕೂಡದು.

ಹೊಗೆಯ ಬಣ್ಣದಿಂದಲೂ ಕಾರಣವನ್ನು ಊಹಿಸಬಹುದು. ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ. ಜೊತೆಗೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯವಿದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನು ಸೂಚಿಸುತ್ತದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿಕೊಂಡಿರುವುದು ಅಥವಾ ಡೀಸೆಲ್ ಹೆಚ್ಚಾಗಿರುವುದು ಕಾರಣ. ಎಳೆತ ಹೆಚ್ಚಲೆಂದು ಪಂಪಿನ ಸೀಲು ಒಡೆದು ಡೀಸೆಲ್ ಏರಿಸುವ ರೂಢಿ ಕೆಲವೆಡೆ ಇದೆ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾದ ಮೈಕೋ ಸಂಸ್ಥೆಯ ಪಂಪುಗಳನ್ನು ಬಲ್ಲ ಹಿರಿಯ ಮೆಕ್ಯಾನಿಕರು ಪರೀಕ್ಷಾ ಯಂತ್ರದ ಮೇಲಿಡದೆ ಪಂಪಿನ ಸ್ಕ್ರೂ ಮುಟ್ಟುವುದಿಲ್ಲ. ಆ ಶಿಸ್ತು ಅನುಸರಣೀಯ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಘಟಕಗಳಾಗಿದ್ದು, ಡೀಸೆಲ್ ಏರಿಸಿದ ಎಂಜಿನ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಎಂಜಿನ್ನೋ, ಗೇರ್ ಬಾಕ್ಸೋ

ಎಳೆತ ಕಡಿಮೆಯಾಯಿತೆಂದು ಪಂಪ್ ಬಿಚ್ಚಿಸುವ ಮೊದಲು ಕ್ಲಚ್ಚನ್ನು ಪರೀಕ್ಷಿಸತಕ್ಕದ್ದು. ಏರಿನಲ್ಲಿ ಎಂಜಿನ್ನಿನ ವೇಗ ಹೆಚ್ಚಿದರೂ ಲಾರಿಯ ವೇಗ ಹೆಚ್ಚದೆ, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಪೆಡಲಿಗೆ ಅಗತ್ಯವಾದ ಸಡಿಲ ಇಲ್ಲದಿದ್ದರೆ ಹೊಸ ಪ್ಲೇಟೂ ಹೀಗೆಯೇ ಜಾರುತ್ತದೆ. ನಡುಕದ ವಿಷಯದಲ್ಲಿ ಒಂದು ಸರಳ ಪರೀಕ್ಷೆಯಿದೆ: ಯಾವ ಗೇರಿನಲ್ಲಿದ್ದರೂ, ನಿಂತಿದ್ದರೂ, ಎಂಜಿನ್ನಿನ ಒಂದೇ ವೇಗದಲ್ಲಿ ನಡುಕ ಬರುತ್ತಿದ್ದರೆ ದೋಷ ಎಂಜಿನ್ ಅಥವಾ ಅದರ ಫೌಂಡೇಶನ್ ರಬ್ಬರಿನಲ್ಲಿದೆ. ಗೇರ್ ಬದಲಾಯಿಸಿದರೂ ರಸ್ತೆಯ ಮೇಲಿನ ಒಂದೇ ವೇಗಕ್ಕೆ ನಡುಕ ಬರುತ್ತಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಅಥವಾ ಸೆಂಟರ್ ಬೇರಿಂಗನ್ನು ನೋಡಬೇಕು.

ಲಾರಿ ನಿಂತು ನ್ಯೂಟ್ರಲ್‌ನಲ್ಲಿರುವಾಗ ಬರುವ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಸವೆದಿರಬಹುದು. ಒತ್ತಿದಾಗಲೇ ಸದ್ದು ಆರಂಭವಾದರೆ ಕ್ಲಚ್ ಬೇರಿಂಗ್ ಹೋಗಿದೆ. ಸದ್ದು ಒಂದೇ ಗೇರಿನಲ್ಲಿ ಮಾತ್ರ ಕೇಳಿಬಂದರೆ ಆ ಗೇರಿನ ಹಲ್ಲುಗಳನ್ನೇ ಪರಿಶೀಲಿಸತಕ್ಕದ್ದು. ಗೇರ್ ಆಯಿಲ್ ಬಸಿದಾಗ ತಳದಲ್ಲಿ ನುಣುಪಾದ ಬೂದು ಬಣ್ಣದ ಮಡ್ಡಿ ಇರುವುದು ಸಹಜ. ಚೂರುಗಳು ಕಂಡರೆ ಗೇರ್ ಬಾಕ್ಸ್ ಬಿಚ್ಚಲೇಬೇಕು.

ಇವೆಲ್ಲಕ್ಕಿಂತ ಗಂಭೀರವಾದುದು ಗೇರ್ ತಾನಾಗಿ ಬಿಟ್ಟುಕೊಳ್ಳುವ ದೋಷ. ಶಿರಾಡಿಯಂತಹ ಘಾಟಿಯನ್ನು ಸರಕು ಹೊತ್ತು ಇಳಿಯುವಾಗ ಲಾರಿಯನ್ನು ಹಿಡಿದಿಡುವುದು ಬ್ರೇಕಿನಷ್ಟೇ ಎಂಜಿನ್ನಿನ ತಡೆಯೂ ಹೌದು. ಗೇರ್ ಬಿಟ್ಟುಕೊಂಡ ಕ್ಷಣದಿಂದ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ಮುಗಳು ಕಾದು ಹಿಡಿತ ಕುಂದುತ್ತದೆ. ವೇಗ ಏರಿದ ಮೇಲೆ ಕೆಳಗಿನ ಗೇರಿಗೆ ಮರಳುವುದು ಅಸಾಧ್ಯವೆಂಬಷ್ಟು ಕಷ್ಟ. ಸವೆದ ಸ್ಲೀವು ಹಾಗೂ ಹಲ್ಲು, ಗೇರ್ ಕೂರಿಸುವ ಗುಂಡು ಮತ್ತು ಸ್ಪ್ರಿಂಗಿನ ದೌರ್ಬಲ್ಯ, ಗೇರ್ ಬಾಕ್ಸಿನ ಬೋಲ್ಟುಗಳ ಸಡಿಲ ಇದಕ್ಕೆ ಸಾಮಾನ್ಯ ಕಾರಣಗಳು. ಬೋಲ್ಟು ಬಿಗಿಯುವುದರಿಂದಲೇ ಸರಿಹೋದರೆ ಮಾಲೀಕರ ಅದೃಷ್ಟ. ಗೇರ್ ಲಿವರನ್ನು ಹಗ್ಗದಿಂದ ಕಟ್ಟಿ ಅಥವಾ ಕ್ಲೀನರ್ ಕೈಯಲ್ಲಿ ಹಿಡಿಸಿ ಪ್ರಯಾಣ ಮುಂದುವರಿಸುವುದು ದುರಸ್ತಿಯಲ್ಲ. ಅಂತಹ ಲಾರಿಗೆ ಸರಕು ತುಂಬಕೂಡದು.

ದುರಸ್ತಿಯ ವೇಳೆ ಎಂಜಿನ್ನನ್ನೇ ಬದಲಾಯಿಸಿದಲ್ಲಿ ಅಧಿನಿಯಮದ ಕಲಂ 52ರಂತೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ನೋಂದಣಿ ಪತ್ರದಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನು ನಮೂದಿಸಿಕೊಳ್ಳತಕ್ಕದ್ದು. ಹೊಗೆ ತಪಾಸಣೆಗೆ ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿಕೊಂಡೇ ಹಾಜರುಪಡಿಸುವುದು ಒಳಿತು, ಏಕೆಂದರೆ ತಣ್ಣನೆಯ ಎಂಜಿನ್ನಿನ ಹೊಗೆ ಅದರ ನಿಜಸ್ಥಿತಿಯನ್ನು ತೋರಿಸುವುದಿಲ್ಲ.