ನಮ್ಮ ಬೇಸಿಗೆಯ ಟಮಾಟಿ ಸಾರು ಎಷ್ಟು ಹಳೆಯದು?

ಬಿಸಿಲು ನಲವತ್ತು ಡಿಗ್ರಿ ಮುಟ್ಟಿದರೆ ಗಟ್ಟಿ ಊಟ ಯಾರಿಗೂ ಸೇರುವುದಿಲ್ಲ. ನಮ್ಮ ಕೋಸಗಿ, ಆದೋನಿ ಕಡೆ ಆಗ ನೆನಪಾಗುವುದು ತಿಳಿಸಾರು. ಹಿತ್ತಿಲಲ್ಲಿ ನಾಲ್ಕು ಟಮಾಟಿ, ಒಂದು ಎಳೆ ಹೀರೇಕಾಯಿ, ಒಂದು ತುಂಡು ಸೋರೆಕಾಯಿ, ಎರಡು ಎಸಳು ಕರಿಬೇವು ಸಿಕ್ಕರೆ ಮಧ್ಯಾಹ್ನದ ಊಟ ಆಯಿತು. ಇದು ಅಜ್ಜಿ ಕಾಲದ ಅಡಿಗೆ ಅನ್ನುತ್ತೇವೆ. ಅಜ್ಜಿ ಕಾಲದ್ದು ಸರಿ. ಅಜ್ಜಿಯ ಅಜ್ಜಿ ಕಾಲದಲ್ಲೂ ಇತ್ತೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕ್ರಿ.ಶ. 1500ರ ಆಸುಪಾಸಿನಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥ ಬರೆದ. ಅದರಲ್ಲಿ ಬದನೆಕಾಯಿಯ ಅಡಿಗೆಗಳಿವೆ. ಟಮಾಟಿ ಇಲ್ಲ, ಮೆಣಸಿನಕಾಯಿ ಇಲ್ಲ, ಆಲೂಗಡ್ಡೆಯೂ ಇಲ್ಲ. ಈ ಮೂರೂ ಅಮೆರಿಕ ಖಂಡದವು. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದೇ 1492ರಲ್ಲಿ. ಟಮಾಟಿ ಎಂಬ ಹೆಸರೂ ಮೆಕ್ಸಿಕೊದ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬ ಮಾತಿನಿಂದ ಬಂದದ್ದು. 1521ರಲ್ಲಿ ಸ್ಪೇನಿನವರು ಮೆಕ್ಸಿಕೊ ಗೆದ್ದ ಮೇಲೆ ಅದು ಯುರೋಪಿಗೆ ಬಂತು, ಅಲ್ಲಿಂದ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು.

ಹಾಗಾದರೆ ಮೊದಲು ಸಾರು ಇರಲಿಲ್ಲವೇ? ಇತ್ತು. ಹುಳಿಗೆ ಹುಣಸೆ, ಖಾರಕ್ಕೆ ಕಾಳುಮೆಣಸು. ಸಾರು ಎಂದರೆ ರಸ, ತಿರುಳು. ತೆಲುಗಿನವರ ‘ಚಾರು’ ಇದರ ಅಕ್ಕನೋ ತಂಗಿಯೋ ಆಗಬೇಕು. ಹುಣಸೆಯ ಮೂಲವೂ ಆಫ್ರಿಕಾ. ಅದು ಬಹಳ ಹಿಂದೆಯೇ ಬಂದು ಇಲ್ಲಿಯದೇ ಆಗಿಬಿಟ್ಟಿತು. ಎಷ್ಟರಮಟ್ಟಿಗೆ ಎಂದರೆ ಅರಬರು ಅದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅದರಿಂದಲೇ.

1800ರಲ್ಲಿ ನಿಜಾಮ ಆದೋನಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ನಾವು ಮದರಾಸು ಪ್ರಾಂತ್ಯಕ್ಕೆ ಸೇರಿದೆವು. ಆ ಮದರಾಸಿನ ದೊರೆಗಳಿಗೆ ಊಟದ ಮೊದಲು ಸೂಪು ಬೇಕು. ತಮಿಳು ಅಡಿಗೆಯವರ ‘ಮಿಳಗು ತಣ್ಣಿ’, ಅಂದರೆ ಮೆಣಸಿನ ನೀರು, ಅವರ ಬಾಯಲ್ಲಿ ‘ಮುಲ್ಲಿಗಟಾನಿ’ ಸೂಪ್ ಆಗಿ ಇಂಗ್ಲೆಂಡಿಗೂ ಹೋಯಿತು. ಸಾರು ಅತ್ತ ಹೋದರೆ ಟಮಾಟಿ ಇತ್ತ ಬಂತು. 1890ರ ಸುಮಾರಿಗೂ ಅದನ್ನು ಹೆಚ್ಚಾಗಿ ಬೆಳೆಯುತ್ತಿದ್ದದ್ದು ಯುರೋಪಿಯನ್ನರಿಗಾಗಿ ಎಂದು ಜಾರ್ಜ್ ವಾಟ್ ತನ್ನ ದೊಡ್ಡ ಕೋಶದಲ್ಲಿ ದಾಖಲಿಸಿದ್ದಾನೆ. ನಮ್ಮವರು ಅದನ್ನು ಬದನೆಯ ನಂಟನೆಂದು ಗುರುತಿಸಿದರು. ಕನ್ನಡದಲ್ಲಿ ‘ಚಪ್ಪರಬದನೆ’, ಬಂಗಾಳಿಯಲ್ಲಿ ‘ಬಿಲಾತಿ ಬೇಗುನ್’, ಅಂದರೆ ವಿಲಾಯಿತಿ ಬದನೆ. ಸಸ್ಯಶಾಸ್ತ್ರವೂ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತದೆ.

ಹೀಗೆ ದೊರೆಗಳ ತೋಟದ ಹಣ್ಣು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಗಡಿಗೆಗೆ ಇಳಿಯಿತು. ಕಾರಣ ಸರಳ. ಹುಣಸೆ ಮರ ಹಣ್ಣು ಬಿಡಲು ವರ್ಷಗಟ್ಟಲೆ ಕಾಯಬೇಕು, ಟಮಾಟಿ ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಹುಳಿಯ ಜೊತೆಗೆ ಸಿಹಿ, ಬಣ್ಣ, ಮಂದ ಎಲ್ಲವನ್ನೂ ಅದೇ ಕೊಡುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಆದೋನಿಯ ಜೊತೆ ನಮ್ಮ ಕೋಸಗಿಯೂ. ಗೆರೆಯ ಆಚೆ ಸಾರು, ಈಚೆ ಸಾರು ಮತ್ತು ಚಾರು ಎರಡೂ. ಒಗ್ಗರಣೆ ಮಾತ್ರ ಒಂದೇ.

ಈಗ ಮಾಡುವ ಬಗೆ. ಒಂದು ಹಿಡಿ ತೊಗರಿಬೇಳೆ ಮೊದಲು ಮೆತ್ತಗೆ ಬೇಯಲಿ. ಟಮಾಟಿಯನ್ನು ಆಮೇಲೆ ಹಾಕಿ, ಹುಳಿ ಮೊದಲೇ ಸೇರಿದರೆ ಬೇಳೆ ಬೇಗ ಬೇಯುವುದಿಲ್ಲ. ಹೀರೆ, ಸೋರೆ ಸಣ್ಣಗೆ ಹೆಚ್ಚಿ ಹಾಕಿ. ಜೀರಿಗೆ, ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ, ಉಪ್ಪು ಸೇರಿಸಿ ಕುದಿಸಿ. ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿ. ತೆಳುಸಿಪ್ಪೆಯ ನಾಟಿ ಹಣ್ಣಿದ್ದರೆ ರುಚಿಯೇ ಬೇರೆ. ಲಾರಿಯಲ್ಲಿ ದೂರ ಹೋಗಬೇಕಾದ ಹೈಬ್ರಿಡ್ ಹಣ್ಣಿಗೆ ಸಿಪ್ಪೆ ದಪ್ಪ, ಹುಳಿ ಕಡಿಮೆ.

ತೊಂದರೆ ಏನೆಂದರೆ, ಬಿಸಿಲು ಮೂವತ್ತೈದು ಡಿಗ್ರಿ ದಾಟಿದರೆ ಟಮಾಟಿ ಹೂವು ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಸಾರು ಬೇಕಾದ ಹೊತ್ತಿಗೇ ಹಣ್ಣು ಕಮ್ಮಿ. ಬೇರೆ ತಿಂಗಳಲ್ಲಿ ಇದರ ತಿರುಗುಮುರುಗು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1827ರಲ್ಲಿ ಕಾಲರಾದಿಂದ ತೀರಿಕೊಂಡ ಪತ್ತಿಕೊಂಡ ಇವತ್ತು ಟಮಾಟಿ ಮಾರ್ಕೆಟ್ಟಿಗೆ ಹೆಸರುವಾಸಿ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ಹಣ್ಣು ಸೆಪ್ಟೆಂಬರಿನಲ್ಲಿ ಕೆಲವೇ ರೂಪಾಯಿಗೆ ಇಳಿಯಿತು. ಕೂಲಿಯೂ ಹುಟ್ಟದೆ ರೈತರು ಹಣ್ಣು ರಸ್ತೆಗೆ ಸುರಿಯುವುದನ್ನು ಈ ಕಡೆಯವರು ಮತ್ತೆ ಮತ್ತೆ ನೋಡಿದ್ದಾರೆ.

ತೆಲುಗಿನವರು ಇದಕ್ಕೊಂದು ಹಳೆಯ ಉಪಾಯ ಇಟ್ಟುಕೊಂಡಿದ್ದಾರೆ. ಹಣ್ಣು ಸೋವಿಯಾದಾಗ ಹೋಳು ಮಾಡಿ, ಉಪ್ಪು ಸವರಿ ಬಿಸಿಲಿಗೆ ಒಣಗಿಸಿದರೆ ‘ಒರುಗು’. ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ರೈತನ ನಷ್ಟ ಇದರಿಂದ ತುಂಬುವುದಿಲ್ಲ, ನಿಜ. ಆದರೂ ಬೆಲೆ ಬಿದ್ದ ದಿನ ನಾವೆಲ್ಲ ಎರಡು ಕಿಲೋ ಹೆಚ್ಚು ಕೊಂಡು ಮಾಳಿಗೆಯ ಮೇಲೆ ಹರವಿದರೆ ಬೇಸಿಗೆಯ ಸಾರಿಗೂ ಆಯಿತು, ಅವನ ಒಂದು ಬುಟ್ಟಿಯಾದರೂ ಖಾಲಿಯಾಯಿತು.