ಕೋವಿಯ ಮೇಲಿನ ದುರ್ಬೀನು: ಹತ್ತಿರದ ಗುರಿಗೆ ಯಾವ ಕಣ್ಣು?

ಮೈಸೂರು ಸೀಮೆಯ ಹಳೆಯ ಶಿಕಾರಿ ಫೋಟೋಗಳನ್ನು ನೀವು ನೋಡಿರಬಹುದು. ಮುಂದೆ ಮಲಗಿಸಿದ ಹುಲಿ, ಹಿಂದೆ ಟೋಪಿ ಧರಿಸಿದ ದೊರೆಗಳು, ಕೈಯಲ್ಲಿ ರೈಫಲ್ಲು. ಆ ರೈಫಲ್ಲಿನ ಮೇಲೆ ದುರ್ಬೀನು, ಅಂದರೆ ಇಂದು ನಾವು ಸ್ಕೋಪ್ ಎನ್ನುವ ಗುರಿಯ ಕೊಳವೆ, ಕಾಣುವುದು ಅಪರೂಪ. ಕೊಳ್ಳಲು ಹಣವಿಲ್ಲದವರೇನೂ ಅವರಲ್ಲ. ವಸ್ತುವೂ ಹೊಸದಾಗಿರಲಿಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲೇ ಕೆಲವು ಸೈನಿಕರು ದುರ್ಬೀನು ಕಟ್ಟಿದ ರೈಫಲ್ ಬಳಸಿದ್ದರು. ವಿಯೆನ್ನಾದಲ್ಲಿ 1898ರಲ್ಲಿ ಆರಂಭವಾದ ಕಾಲೆಸ್ ಸಂಸ್ಥೆ ಬೇಟೆಗಾರರಿಗೆಂದೇ ಅದನ್ನು ತಯಾರಿಸುತ್ತಿತ್ತು. ಹಾಗಿದ್ದೂ ನಮ್ಮ ಕಾಡಿಗೆ ಬಂದವರು ಬರಿಗಣ್ಣನ್ನೇ ನಂಬಿದ್ದೇಕೆ?

ಉತ್ತರ ಕಾಡಿನಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಅಂಚಿನ ನಾಗರಹೊಳೆ ಕಾಡು ಬಯಲಲ್ಲ. ಬಿದಿರು ಮೆಳೆ, ತೇಗ, ಲಂಟಾನ ಪೊದೆ. ನಡುನಡುವೆ ಹುಲ್ಲು ಬೆಳೆದ ಜೌಗಿನ ಹಡ್ಲು. ಹಡ್ಲು ಬಿಟ್ಟರೆ ದೃಷ್ಟಿ ಹರಿಯುವುದು ಹತ್ತಿಪ್ಪತ್ತು ಮಾರು ಅಷ್ಟೇ. ಸೋವು ಬೇಟೆಯಲ್ಲಿ ಜನ ಕೂಗುತ್ತಾ ತಮಟೆ ಬಡಿಯುತ್ತಾ ಪ್ರಾಣಿಯನ್ನು ಅಟ್ಟಣೆಯ ಕಡೆಗೆ ಅಟ್ಟುತ್ತಿದ್ದರು. ಅದು ಪೊದೆಯಿಂದ ಪೊದೆಗೆ ದಾಟುವ ಒಂದೆರಡು ಕ್ಷಣದಲ್ಲೇ ಈಡು ಹೊಡೆಯಬೇಕು. ಮೈಸೂರಿನಲ್ಲಿ ಖೆಡ್ಡಾ ಪದ್ಧತಿ ಆರಂಭಿಸಿದ ಜಿ.ಪಿ. ಸ್ಯಾಂಡರ್ಸನ್ ಆನೆಗೆ ಬಳಸಿದ್ದು 4 ಮತ್ತು 8 ಬೋರಿನ ಕೋವಿಗಳನ್ನು. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಗುಂಡುಗಳಾಗುತ್ತವೆಯೋ ಅದೇ ಬೋರಿನ ಸಂಖ್ಯೆ. ಹೀಗಾಗಿ 4 ಬೋರಿನ ಗುಂಡು ಕಾಲು ಪೌಂಡು, ಸುಮಾರು 113 ಗ್ರಾಂ ತೂಗುತ್ತದೆ. ಇಂಥ ಕೋವಿ ಒದೆಯುವಾಗ ಹುಬ್ಬಿನ ಹತ್ತಿರ ಲೋಹದ ಕೊಳವೆ ಇಟ್ಟುಕೊಳ್ಳಲು ಯಾರಿಗೆ ಧೈರ್ಯ ಬಂದೀತು! ಬೆಂಗಳೂರಿನ ಕೆನೆತ್ ಆಂಡರ್ಸನ್ ಕೂಡ ತಮ್ಮ .405 ವಿಂಚೆಸ್ಟರ್ ರೈಫಲ್ಲಿಗೆ ರಾತ್ರಿ ಕಾವಲಿನಲ್ಲಿ ಕಟ್ಟಿಕೊಂಡದ್ದು ಟಾರ್ಚನ್ನು.

ದುರ್ಬೀನು ಎಂದರೆ ದೂರದ್ದನ್ನು ಹತ್ತಿರ ತರುವ ಯಂತ್ರ, ಹೆಚ್ಚು ಹತ್ತಿರ ತಂದಷ್ಟೂ ಒಳ್ಳೆಯದು ಎಂಬ ಭಾವನೆ ಸಾಮಾನ್ಯ. ಅದು ತಪ್ಪು. ಎಷ್ಟು ಪಟ್ಟು ಹಿಗ್ಗಿಸುತ್ತದೆಯೋ ಅಷ್ಟು ಪಟ್ಟು ನೋಟದ ಅಗಲ ಕುಗ್ಗುತ್ತದೆ. ನಾಲ್ಕು ಪಟ್ಟಿನ ಸ್ಕೋಪಿನಲ್ಲಿ 100 ಮೀಟರ್ ದೂರದಲ್ಲಿ ಸುಮಾರು 10 ಮೀಟರ್ ಅಗಲದ ಜಾಗ ಕಂಡರೆ, ಎಂಟು ಪಟ್ಟಿನದರಲ್ಲಿ ಕಾಣುವುದು 5 ಮೀಟರ್. ಇದೇ ಲೆಕ್ಕ 25 ಮೀಟರಿಗೆ ಹಾಕಿ: ಎಂಟು ಪಟ್ಟಿನ ಸ್ಕೋಪಿಗೆ ಒಂದೂಕಾಲು ಮೀಟರು ಮಾತ್ರ ದಕ್ಕುತ್ತದೆ. ಅದರಲ್ಲಿ ಆನೆ ಆನೆಯಾಗಿ ಕಾಣುವುದಿಲ್ಲ, ಒಂದು ಬೂದು ಗೋಡೆ ಕಂಡೀತು. ತಲೆ ಎತ್ತ, ಬಾಲ ಎತ್ತ ಎಂದು ಹುಡುಕುವಷ್ಟರಲ್ಲಿ ಅದು ಕಾಯುತ್ತಾ ನಿಂತಿರುವುದಿಲ್ಲ. ಒಂದೂವರೆ ಪಟ್ಟಿನದರಲ್ಲಿ ಅದೇ ದೂರದಲ್ಲಿ ಆರು ಮೀಟರಿಗೂ ಹೆಚ್ಚು ಅಗಲ ಸಿಗುತ್ತದೆ. ಪ್ರಾಣಿಯ ಜತೆ ಅದರ ಅಕ್ಕಪಕ್ಕವೂ ಕಾಣುತ್ತದೆ. ಹಿಗ್ಗಿಸುವಿಕೆ ಒಂದರ ಆಸುಪಾಸಿದ್ದರೆ ಎರಡೂ ಕಣ್ಣು ತೆರೆದೇ ಗುರಿ ಹಿಡಿಯಬಹುದು.

ಬೆಳಕಿನ ಮಾತೂ ಇದೆ. ಸ್ಕೋಪಿನ ಮುಂದಿನ ಗಾಜಿನ ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ಗಾತ್ರ ಸಿಗುತ್ತದೆ. 24 ಮಿಲಿಮೀಟರ್ ಗಾಜಿಗೆ ನಾಲ್ಕು ಪಟ್ಟಾದರೆ 6 ಮಿ.ಮೀ., ಎಂಟು ಪಟ್ಟಾದರೆ 3 ಮಿ.ಮೀ. ಮುಸ್ಸಂಜೆಯಲ್ಲಿ ತರುಣರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ. ಅಂದರೆ ಎಂಟು ಪಟ್ಟಿನ ಕಣ್ಣು ಕತ್ತಲಿಗೆ ಮುಂಚೆಯೇ ಕುರುಡಾಗುತ್ತದೆ. ಪ್ರಾಣಿಗಳು ಹೊರಬರುವುದೋ ಅದೇ ಹೊತ್ತಿಗೆ. ಸೈನ್ಯಗಳೂ ಇದನ್ನು ಅರಿತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಲೀ-ಎನ್‌ಫೀಲ್ಡ್ ಗುರಿಕಾರರಿಗೆ ಕೊಟ್ಟದ್ದು ಮೂರು ಪಟ್ಟಿನ ಸ್ಕೋಪು, ರಷ್ಯನ್ನರಿಗೆ ಮೂರೂವರೆ. ಜರ್ಮನರು ಒಂದೂವರೆ ಪಟ್ಟಿನದೊಂದನ್ನು ಮಾಡಿದರು. ಅದು ತೀರಾ ಕಡಿಮೆಯೆಂದು ಸೈನಿಕರು ಗೊಣಗಿದರು. ಬಯಲಿನ ಯುದ್ಧಕ್ಕೆ ಆ ಗೊಣಗಾಟ ಸರಿಯೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಶಿಕಾರಿಯ ಕಾಲ ಮುಗಿಯಿತು. ಮಹಾರಾಜರ ಕಾರಾಪುರದ ಬೇಟೆಬಂಗಲೆ ಇಂದು ಪ್ರವಾಸಿಗರ ವಸತಿಗೃಹ. ಆದರೆ ಹತ್ತಿರದ ಗುರಿಯ ಸಮಸ್ಯೆ ಮುಗಿಯಲಿಲ್ಲ, ಕೈ ಬದಲಾಯಿತು. 1990ರಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಪಟ್ಟಿ ತೊಡಿಸಲು ಹೊರಟಾಗ ಮೊರೆಹೋದದ್ದು ಹಳೆಯ ಸೋವು ವಿಧಾನಕ್ಕೇ. ಬಿಳಿ ಬಟ್ಟೆಗಳನ್ನು ಉದ್ದಕ್ಕೆ ಕಟ್ಟಿ, ಹುಲಿ ಆ ದಾರಿಯಲ್ಲೇ ಬರುವಂತೆ ಮಾಡಿ, ಮರದ ಮೇಲಿಂದ ಅರಿವಳಿಕೆ ಚುಚ್ಚುಮದ್ದು ಹೊಡೆದರು. ಅಟ್ಟಣೆ ಅದೇ, ಕಾಡು ಅದೇ. ಪ್ರಾಣಿ ಮಾತ್ರ ಎದ್ದು ಹೋಯಿತು.

ಅರಿವಳಿಕೆ ಕೋವಿ ಸಾಮಾನ್ಯವಾಗಿ ಅನಿಲದ ಒತ್ತಡದಿಂದ ಸೂಜಿಯ ಸಿರಿಂಜನ್ನು ಎಸೆಯುತ್ತದೆ. ಇದರ ವೇಗ ಗುಂಡಿನ ವೇಗದ ಒಂದು ಸಣ್ಣ ಪಾಲು. ಸಿರಿಂಜು ಕಲ್ಲೆಸೆದಂತೆ ಬಾಗಿ ಬೀಳುತ್ತದೆ. ಆದ್ದರಿಂದ ಇಪ್ಪತ್ತರಿಂದ ನಲವತ್ತು ಮೀಟರಿನೊಳಗೇ ಹೋಗಬೇಕು, ದೂರವನ್ನು ಸರಿಯಾಗಿ ಅಳೆದು ಒತ್ತಡ ಹೊಂದಿಸಬೇಕು. ಕಡಿಮೆಯಾದರೆ ತಲುಪದು, ಹೆಚ್ಚಾದರೆ ಮೈ ಸೀಳೀತು. ತಾಗಬೇಕಾದದ್ದು ತೊಡೆಯ ಅಥವಾ ಭುಜದ ದಪ್ಪ ಸ್ನಾಯುವಿಗೆ. ಹಲವು ಬಾರಿ ಬಳ್ಳೆ, ದೊಡ್ಡ ಹರವೆ, ಮತ್ತಿಗೋಡು ಶಿಬಿರಗಳ ಸಾಕಾನೆಯ ಬೆನ್ನೇ ವೈದ್ಯರ ಅಟ್ಟಣೆ. ಆನೆ ಉಸಿರಾಡಿದರೂ ಗುರಿ ಕದಲುತ್ತದೆ. ಸ್ಕೋಪು ಆ ಕದಲಿಕೆಯನ್ನೂ ಅಷ್ಟೇ ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಇಲ್ಲಿ ಸ್ಕೋಪು ಕಟ್ಟುವುದಾದರೆ ಕಡಿಮೆ ಪಟ್ಟಿನದೇ ಸರಿ ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕಾಡು ಬಿಟ್ಟು ಊರಿಗೆ ಬಂದರೆ ದೂರ ಹೆಚ್ಚುತ್ತದೆಯೇ? ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಕಣ್ಣು ಮೈಲಿಗಟ್ಟಲೆ ಹರಿಯುತ್ತದೆ, ನಿಜ. ಆದರೆ ಚಿರತೆ ಅಡಗುವುದು ಕಬ್ಬಿನ ಗದ್ದೆಯಲ್ಲಿ, ಅಲ್ಲಿ ಎದುರಿನ ಸಾಲೇ ಕಾಣದು. ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾದ ಸರಗೂರಿನಲ್ಲಿ 2025ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಜನ ರೊಚ್ಚಿಗೆದ್ದರು, ಸಫಾರಿ ನಿಂತಿತು. ಇಂಥ ಸಂದರ್ಭದಲ್ಲಿ ಕೂಗಾಡುವ ನೂರಾರು ಜನರ ನಡುವೆ, ಮುಗಿಯುತ್ತಿರುವ ಬೆಳಕಿನಲ್ಲಿ ಕೊಳವೆಗೆ ಕಣ್ಣಿಟ್ಟ ಒಬ್ಬ ವ್ಯಕ್ತಿ ಇರುತ್ತಾನೆ. ಸುದ್ದಿಗೆಂದು ಹೋದ ನಮ್ಮಂಥವರು ಹುಲಿಯನ್ನು ನೋಡುತ್ತೇವೆ, ಅವನನ್ನು ನೋಡುವುದಿಲ್ಲ.

ಚುಚ್ಚುಮದ್ದು ತಾಗಿದೊಡನೆ ಪ್ರಾಣಿ ಬೀಳುವುದಿಲ್ಲ. ಔಷಧ ಏರಲು ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ನಲವತ್ತು ಮೀಟರು ಏನೇನೂ ಅಲ್ಲ. ನೆರೆಯ ಹಾಸನ ಜಿಲ್ಲೆಯಲ್ಲಿ ನೂರಾರು ಜನರಿಗೆ 'ಆನೆ ವೆಂಕಟೇಶ್' ಎಂದೇ ಪರಿಚಿತರಾಗಿದ್ದ ಅರಣ್ಯ ಇಲಾಖೆಯ ಅರಿವಳಿಕೆ ಗುರಿಕಾರ, 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನ ಬಳಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ನೀಡಲೆಂದು ಚುಚ್ಚುಮದ್ದು ಹೊಡೆದರು. ಗುರಿ ತಪ್ಪಲಿಲ್ಲ. ಆನೆ ತಿರುಗಿ ಅವರತ್ತಲೇ ಓಡಿ ಬಂತು.